ನಲವತ್ತರ ಬಿಸಿಲಿನಲ್ಲಿ ಒಂದು ಲೀಟರ್ ನೀರು

ಏಪ್ರಿಲ್ ಎರಡನೆಯ ವಾರ, ಮಧ್ಯಾಹ್ನ ಮೂರು ಗಂಟೆ. ವಿಜಯಪುರದ ಜೋರಾಪುರ ಪೇಟೆಯಲ್ಲಿರುವ ನಮ್ಮ ಮನೆಯ ಮೇಲ್ಮಹಡಿಯ ಕೋಣೆಯಲ್ಲಿ ಗೋಡೆಯ ತಾಪಮಾಪಕ 38 ಡಿಗ್ರಿ ತೋರಿಸುತ್ತಿತ್ತು. ಹೊರಗೆ 41. ನನ್ನ ಕಂಪ್ಯೂಟರಿನಲ್ಲಿ ಬಬಲೇಶ್ವರದ ಕಡೆಯ ಒಂದು ಮದುವೆಯ ವಿಡಿಯೊ ರೆಂಡರ್ ಆಗುತ್ತಿತ್ತು, ಎಂದರೆ ಎಡಿಟ್ ಮಾಡಿದ ತುಣುಕುಗಳು ಸೇರಿ ಕೊನೆಯ ವಿಡಿಯೊ ತಯಾರಾಗುತ್ತಿತ್ತು. ಅಕ್ಷತೆಯ ಹೊತ್ತಿಗೆ ಮಂಟಪದ ದೀಪಗಳು ಕೈಕೊಟ್ಟಿದ್ದರಿಂದ ಚಿತ್ರದ ತುಂಬ ರವೆ ಚೆಲ್ಲಿದ ಹಾಗೆ ಚುಕ್ಕೆಗಳು. ಅವನ್ನು ತೆಗೆಯುವ ನಾಯ್ಸ್ ರಿಡಕ್ಷನ್ ಎಂಬ ಕೆಲಸ ಗ್ರಾಫಿಕ್ಸ್ ಕಾರ್ಡಿನ ಜೀವ ಹಿಂಡುತ್ತದೆ. ಫ್ಯಾನುಗಳೆಲ್ಲ ಪೂರ್ತಿ ವೇಗದಲ್ಲಿ ಕಿರುಚುತ್ತಿದ್ದವು. ಕೆಳಗಿನಿಂದ ತಾಯಿ, "ಮೇಲೆ ಹಿಟ್ಟಿನ ಗಿರಣಿ ಇಟ್ಟಿದ್ದೀಯೇನು?" ಎಂದು ಕೂಗಿದರು.

ಆ ಹೊತ್ತಿನ ಅಂಕಿಗಳನ್ನು ಬರೆದಿಟ್ಟುಕೊಂಡಿದ್ದೇನೆ. ಪ್ರೊಸೆಸರ್ ರೈಝನ್ 7 5800ಎಕ್ಸ್, 90 ಡಿಗ್ರಿ. ಈ ಚಿಪ್ಪಿಗೆ ತಯಾರಕರೇ ಹಾಕಿದ ಗಡಿ ಅದು. ಅಲ್ಲಿಗೆ ಮುಟ್ಟಿದರೆ ಚಿಪ್ಪು ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಗ್ರಾಫಿಕ್ಸ್ ಕಾರ್ಡು ಆರ್‌ಟಿಎಕ್ಸ್ 3070, 83 ಡಿಗ್ರಿ. ಅದರ ವೇಗ 1,740 ಮೆಗಾಹರ್ಟ್ಸ್‌ಗೆ ಇಳಿದಿತ್ತು. ಇದೇ ಕಾರ್ಡು ಡಿಸೆಂಬರಿನ ರಾತ್ರಿಗಳಲ್ಲಿ 1,900 ದಾಟಿ ಓಡಿತ್ತು. ಚಳಿಗಾಲದಲ್ಲಿ ಓವರ್‌ಕ್ಲಾಕ್ ಮಾಡಿ, ಎಂದರೆ ತಯಾರಕರು ಇಟ್ಟ ವೇಗಕ್ಕಿಂತ ಹೆಚ್ಚು ಓಡಿಸಿ, ಗಳಿಸಿದ ವೇಗವನ್ನೆಲ್ಲ ಬೇಸಿಗೆಯಲ್ಲಿ ಬಡ್ಡಿ ಸಮೇತ ಹಿಂದಿರುಗಿಸುತ್ತಿದ್ದೆ. ಮದುವೆಗಳೆಲ್ಲ ಬರುವುದೂ ಬೇಸಿಗೆಯಲ್ಲಿಯೇ.

ಹೀಗೆ ಶುರುವಾಯಿತು ಚಿಪ್ಪಿನ ಬಿಸಿಯನ್ನು ನೀರು ಹರಿಸಿ ಸಾಗಿಸುವ ಈ ವಾಟರ್ ಕೂಲಿಂಗ್ ಕೆಲಸ. ಒಂದು ವಾರದಲ್ಲಿ ಮುಗಿಯುತ್ತದೆ ಎಂದುಕೊಂಡಿದ್ದೆ. ಮುಗಿದದ್ದು ಜೂನ್ ಮೊದಲ ವಾರದಲ್ಲಿ.

ಮೊದಲ ಪ್ರಯತ್ನವನ್ನು ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯಾಗುತ್ತದೆ, ಆದರೂ ಕಲಿತದ್ದು ಅದರಿಂದಲೇ ಹೆಚ್ಚು. ಸೋಲಾಪುರ ರಸ್ತೆಯ ಬದಿಯ ಒಂದು ಗ್ಯಾರೇಜಿನಲ್ಲಿ ಹಳೆಯ ಕಾರಿನ ಹೀಟರ್ ಕೋರ್ ಧೂಳು ತಿನ್ನುತ್ತ ಬಿದ್ದಿತ್ತು. ಇಂಜಿನ್ನಿನ ಬಿಸಿ ನೀರನ್ನು ಹಾಯಿಸಿ ಕಾರಿನ ಒಳಗೆ ಬೆಚ್ಚಗಿನ ಗಾಳಿ ಬಿಡುವ ಪುಟ್ಟ ರೇಡಿಯೇಟರ್ ಅದು. "ವಿಜಯಪುರದಲ್ಲಿ ಕಾರಿಗೆ ಹೀಟರ್ ಯಾರಿಗೆ ಬೇಕು, ತೆಗೆದುಕೊಂಡು ಹೋಗಿ" ಎಂದು ಮೆಕ್ಯಾನಿಕ್ 400 ರೂಪಾಯಿಗೆ ಕೊಟ್ಟರು. ವಾಟರ್ ಕೂಲಿಂಗಿಗೆ ಬಿಡಿಭಾಗಗಳು ಅಂಗಡಿಯಲ್ಲಿ ಸಿಗದಿದ್ದ ಕಾಲದಲ್ಲಿ ಜಗತ್ತಿನ ಹವ್ಯಾಸಿಗಳೆಲ್ಲ ಇಂಥದ್ದನ್ನೇ ಬಳಸುತ್ತಿದ್ದರು ಎಂದು ಓದಿದ್ದ ಧೈರ್ಯ ನನ್ನದು. ಪ್ರೊಸೆಸರಿಗೆ ಸೆಕೆಂಡ್ ಹ್ಯಾಂಡ್ ತಾಮ್ರದ ವಾಟರ್ ಬ್ಲಾಕ್ ತರಿಸಿದೆ; ಚಿಪ್ಪಿನ ಮೇಲೆ ಕುಳಿತು ಅದರ ಬಿಸಿಯನ್ನು ತನ್ನೊಳಗೆ ಹರಿಯುವ ನೀರಿಗೆ ದಾಟಿಸುವ ಭಾಗ ಅದು. ಪಂಪು ನಮ್ಮ ಏರ್ ಕೂಲರಿನದೇ, 18 ವ್ಯಾಟ್, ನೀರಿನಲ್ಲಿ ಮುಳುಗಿ ಕೂರುವಂಥದ್ದು. ತೊಟ್ಟಿಯೆಂದರೆ ಐದು ಲೀಟರಿನ ಪ್ಲಾಸ್ಟಿಕ್ ಬಕೆಟ್ಟು. ನೀರು ನಲ್ಲಿಗೆ ಬರುವ ಕೃಷ್ಣೆಯದು. ಗ್ರಾಫಿಕ್ಸ್ ಕಾರ್ಡನ್ನು ಮುಟ್ಟಲಿಲ್ಲ.

ಓಡಿತು. ಮೊದಲ ದಿನ ಪ್ರೊಸೆಸರ್ 76 ಡಿಗ್ರಿಗೆ ನಿಂತಿತು. ಎರಡು ದಿನ ಮನೆಗೆ ಬಂದವರಿಗೆಲ್ಲ ಬಕೆಟ್ಟು ತೋರಿಸಿದೆ. ಹತ್ತನೆಯ ದಿನಕ್ಕೆ ನೀರು ಅಕ್ಕಿ ತೊಳೆದ ನೀರಿನಂತಾಯಿತು. ಹತ್ತೊಂಬತ್ತನೆಯ ದಿನ ತಾಪಮಾನ ಮತ್ತೆ 88ಕ್ಕೆ ಏರಿತು. ಬ್ಲಾಕ್ ಬಿಚ್ಚಿ ನೋಡಿದರೆ, ಕೂದಲೆಳೆಯಷ್ಟು ಸಂದಿನ ತಾಮ್ರದ ಎಸಳುಗಳ ನಡುವೆ ಗಂಜಿಯ ಕೆನೆಯಂಥ ಬಿಳಿ ಲೋಳೆ ಕಟ್ಟಿಕೊಂಡಿತ್ತು.

ತಪ್ಪು ನನ್ನದೇ. ಹೀಟರ್ ಕೋರ್ ಅಲ್ಯುಮಿನಿಯಂ, ಬ್ಲಾಕ್ ತಾಮ್ರ. ಎರಡು ಬೇರೆ ಬೇರೆ ಲೋಹಗಳು ಲವಣವಿರುವ ಒಂದೇ ನೀರಿನಲ್ಲಿ ಒಂದಕ್ಕೊಂದು ತಾಗಿಕೊಂಡಿದ್ದರೆ ಅದು ಬ್ಯಾಟರಿಯೇ. ಅಲ್ಯುಮಿನಿಯಂ ಸುಲಭವಾಗಿ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ, ತಾಮ್ರ ಹಿಡಿದುಕೊಳ್ಳುತ್ತದೆ. ಹೀಗಾಗಿ ಕರಗುವುದು ಅಲ್ಯುಮಿನಿಯಂ. ನನ್ನ ಜೋಡಣೆಯಲ್ಲಿ ಲೋಹಗಳು ನೇರವಾಗಿ ತಾಗಿರಲಿಲ್ಲ, ನಡುವೆ ರಬ್ಬರ್ ಕೊಳವೆ ಇತ್ತು. ಆದರೂ ಬಿಡಲಿಲ್ಲ. ತಾಮ್ರದಿಂದ ಎದ್ದ ಅಯಾನುಗಳು ನೀರಿನಲ್ಲಿ ಹರಿದು ಅಲ್ಯುಮಿನಿಯಂ ಮೇಲೆ ಕುಳಿತು ಅಲ್ಲಲ್ಲೇ ಚಿಕ್ಕ ಚಿಕ್ಕ ಬ್ಯಾಟರಿಗಳನ್ನು ಕಟ್ಟುತ್ತವೆ, ಅಲ್ಲಿ ಗುಳಿ ಬೀಳುತ್ತದೆ. ಆ ಬಿಳಿ ಲೋಳೆ ಅಲ್ಯುಮಿನಿಯಂ ಹೈಡ್ರಾಕ್ಸೈಡ್. ಕಾರಿನಲ್ಲಿ ಇದು ಅಷ್ಟು ಬೇಗ ಆಗದಿರುವುದಕ್ಕೆ ಕಾರಣ ಕೂಲಂಟಿನಲ್ಲಿರುವ ತುಕ್ಕುನಿರೋಧಕ ರಾಸಾಯನಿಕ. ನಾನು ಹಾಕಿದ್ದು ಬರೀ ನಲ್ಲಿ ನೀರು. ಅಂದಿನಿಂದ ಒಂದು ನಿಯಮ: ನೀರು ಹರಿದು ಬರುವ ಸುತ್ತಿನಲ್ಲಿ ತಾಮ್ರ, ಹಿತ್ತಾಳೆ, ನಿಕ್ಕಲ್ ಇರಬಹುದು, ಅಲ್ಯುಮಿನಿಯಂ ಎಂಬ ಹೆಸರು ಕೇಳಿದರೆ ಬಾಗಿಲು ಹಾಕಬೇಕು.

ಬಕೆಟ್ಟಿನ ದಿನಗಳಲ್ಲಿ ಗೆಳೆಯನೊಬ್ಬ ಸಲಹೆ ಕೊಟ್ಟ: ಕಬ್ಬಿನ ಹಾಲಿನ ಅಂಗಡಿಗೆ ಬರುವ ಮಂಜುಗಡ್ಡೆ ತಂದು ಬಕೆಟ್ಟಿಗೆ ಹಾಕು. ನಗಲಿಲ್ಲ, ಲೆಕ್ಕ ಹಾಕಿದೆ. ಒಂದು ಕಿಲೋ ಮಂಜು ಕರಗಲು 334 ಕಿಲೋಜೂಲ್ ಶಾಖ ಬೇಕು. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಸೇರಿ 400 ವ್ಯಾಟ್ ಉಗುಳಿದರೆ ಅಷ್ಟು ಶಾಖಕ್ಕೆ ಹಿಡಿಯುವುದು ಹದಿನಾಲ್ಕು ನಿಮಿಷ. ಮೂರು ತಾಸಿನ ರೆಂಡರಿಗೆ ಹದಿಮೂರು ಕಿಲೋ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ: ನೀರು ಕೋಣೆಯ ಗಾಳಿಗಿಂತ ತುಂಬ ತಣ್ಣಗಾದರೆ, ತಂಪು ಪಾನೀಯದ ಬಾಟಲಿಯ ಮೇಲೆ ಬೆವರು ಮೂಡುವಂತೆ ಮದರ್‌ಬೋರ್ಡಿನ ಮೇಲೆ ಹನಿ ಮೂಡುತ್ತದೆ. ಬರೀ ರೇಡಿಯೇಟರ್ ಮತ್ತು ಫ್ಯಾನ್ ಇರುವ ಸುತ್ತಿನಲ್ಲಿ ಆ ಭಯವಿಲ್ಲ, ಏಕೆಂದರೆ ಅದರ ನೀರು ಎಂದಿಗೂ ಸುತ್ತಲಿನ ಗಾಳಿಗಿಂತ ತಣ್ಣಗಾಗುವುದಿಲ್ಲ. ಈ ಕೊನೆಯ ವಾಕ್ಯವನ್ನು ಆಗ ಬರೆದುಕೊಂಡೆನೇ ಹೊರತು ಅದರ ಪೂರ್ತಿ ಅರ್ಥ ತಿಳಿದದ್ದು ಮೇ ತಿಂಗಳಿನಲ್ಲಿ.

ಎರಡನೆಯ ಸುತ್ತಿಗೆ ಕೈ ಬಿಚ್ಚಿ ಖರ್ಚು ಮಾಡಿದೆ. ಡಿ5 ಎಂಬ ಮಾದರಿಯ ಪಂಪು ಮತ್ತು ಅದರ ತಲೆಯ ಮೇಲೆಯೇ ಕೂರುವ ತೊಟ್ಟಿ, ತಾಮ್ರದ ಎರಡು ರೇಡಿಯೇಟರ್ (ಒಂದು 360 ಮಿಲಿಮೀಟರ್, ಒಂದು 240), ಐದು ಫ್ಯಾನು, ಪ್ರೊಸೆಸರಿಗೆ ಹೊಸ ಬ್ಲಾಕ್, ಕಾರ್ಡಿನ ಉದ್ದಗಲಕ್ಕೂ ಹೊಂದುವ ಪೂರ್ಣ ಬ್ಲಾಕ್, ಒಳವ್ಯಾಸ 10 ಮತ್ತು ಹೊರವ್ಯಾಸ 16 ಮಿಲಿಮೀಟರಿನ ಮೆತ್ತನೆಯ ಪಾರದರ್ಶಕ ಕೊಳವೆ, ಹದಿನಾಲ್ಕು ಫಿಟ್ಟಿಂಗು. ಒಟ್ಟು 47 ಸಾವಿರ. ಈ ದುಡ್ಡಿಗೆ ಇನ್ನೊಂದು ದರ್ಜೆ ಮೇಲಿನ ಕಾರ್ಡೇ ಬರುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ತಮ್ಮನೂ ಕೇಳಿದ. ಬರುತ್ತಿತ್ತು. ಅದೂ ಈ ಕೋಣೆಯಲ್ಲಿ 83 ಡಿಗ್ರಿಗೆ ಹೋಗಿ ಕೂರುತ್ತಿತ್ತು.

ರೇಡಿಯೇಟರುಗಳನ್ನು ಹಾಗೆಯೇ ಜೋಡಿಸಬಾರದು. ಬೆಸುಗೆಯ ಹೊತ್ತಿನ ಫ್ಲಕ್ಸ್ ಪುಡಿ ಒಳಗೆ ಉಳಿದಿರುತ್ತದೆ. ಬಿಸಿ ನೀರು ಅರ್ಧ ತುಂಬಿ, ಎರಡೂ ಬಾಯಿ ಮುಚ್ಚಿ, ಮಜ್ಜಿಗೆ ಕಡೆದ ಹಾಗೆ ಕುಲುಕಿ ಬಿಳಿ ಬಟ್ಟೆಯ ಮೇಲೆ ಸುರಿದೆ. ಮೊದಲ ಸಲ ಕಪ್ಪು ಕಾಳುಗಳು, ಎರಡನೆಯ ಸಲ ನೀಲಿ ಹಸಿರು ಛಾಯೆ, ಆರನೆಯ ಸಲಕ್ಕೆ ತಿಳಿ. ಕೊನೆಯ ಎರಡು ತೊಳೆತ ಡಿಸ್ಟಿಲ್ಡ್ ನೀರಿನಲ್ಲಿ.

ಕಾರ್ಡನ್ನು ಬಿಚ್ಚುವುದೇ ಇಡೀ ಕೆಲಸದಲ್ಲಿ ಎದೆ ಹೊಡೆದುಕೊಳ್ಳುವ ಘಟ್ಟ. ವಾರಂಟಿಯ ಸ್ಟಿಕ್ಕರು ಒಂದು ಸ್ಕ್ರೂವಿನ ತಲೆಯ ಮೇಲೆಯೇ ಇತ್ತು. ಸ್ಕ್ರೂಗಳನ್ನು ತೆಗೆದ ಕ್ರಮದಲ್ಲಿಯೇ ಒಂದು ರಟ್ಟಿಗೆ ಚುಚ್ಚಿಟ್ಟೆ. ಹಳೆಯ ಹೀಟ್‌ಸಿಂಕು ಅಂಟಿಕೊಂಡಿತ್ತು. ಎಳೆಯದೆ, ಮೆಲ್ಲಗೆ ಎಡಕ್ಕೆ ಬಲಕ್ಕೆ ಹೊರಳಿಸಿದಾಗ ಬಿಟ್ಟಿತು. ಮೆಮೊರಿ ಚಿಪ್ಪುಗಳ ಮೇಲೆ, ವಿದ್ಯುತ್ ಭಾಗದ ಮೇಲೆ ಬಿಸಿ ದಾಟಿಸುವ ಮೆತ್ತನೆಯ ಥರ್ಮಲ್ ಪ್ಯಾಡುಗಳಿರುತ್ತವೆ. ಹೊಸ ಬ್ಲಾಕಿನ ಜೊತೆ ಬಂದ ಹಾಳೆಯಲ್ಲಿ ಎಲ್ಲಿ 1 ಮಿಲಿಮೀಟರ್, ಎಲ್ಲಿ 1.5 ಎಂದು ಬರೆದಿತ್ತು. ನಾನು ಒಂದು ಸಾಲಿನಲ್ಲಿ ಎರಡನ್ನೂ ಅದಲು ಬದಲು ಮಾಡಿದೆ. ಅರ್ಧ ಮಿಲಿಮೀಟರ್ ಏನು ಮಹಾ ಎನಿಸುತ್ತದೆ. ದಪ್ಪ ಪ್ಯಾಡು ಬ್ಲಾಕನ್ನು ಒಂದು ಬದಿಯಲ್ಲಿ ಎತ್ತಿ ಹಿಡಿದು, ಮುಖ್ಯ ಚಿಪ್ಪಿನ ಒಂದು ಮೂಲೆಗೆ ಬಿಸಿ ದಾಟಿಸುವ ಪೇಸ್ಟ್ ತಾಗದಂತೆ ಮಾಡಿತ್ತು. ಪರೀಕ್ಷೆಯಲ್ಲಿ ಸರಾಸರಿ ತಾಪ 60, ಚಿಪ್ಪಿನ ಅತಿ ಬಿಸಿಯ ಬಿಂದುವಾದ ಹಾಟ್‌ಸ್ಪಾಟ್ 97! ಇವೆರಡರ ನಡುವೆ ಹತ್ತು ಹದಿನೈದು ಡಿಗ್ರಿಯ ಅಂತರ ಸಹಜ. ಮೂವತ್ತೇಳು ಎಂದರೆ ಬ್ಲಾಕ್ ಓರೆಯಾಗಿ ಕುಳಿತಿದೆ ಎಂದೇ ಅರ್ಥ. ನೀರು ತುಂಬಿದ ಸುತ್ತನ್ನು ಮತ್ತೆ ಬಸಿದು, ಕಾರ್ಡು ಬಿಚ್ಚಿ, ಪ್ಯಾಡು ಬದಲಿಸಿ, ನಾಲ್ಕು ಸ್ಕ್ರೂಗಳನ್ನು ಮೂಲೆಯಿಂದ ಮೂಲೆಗೆ ಅರ್ಧರ್ಧ ಸುತ್ತು ಬಿಗಿದೆ. ಅಂತರ 12ಕ್ಕೆ ಇಳಿಯಿತು. ಒಂದು ಭಾನುವಾರ ಪೂರ್ತಿ ಅದಕ್ಕೇ ಹೋಯಿತು.

ಇನ್ನು ನೀರು. ಜಿಲ್ಲೆಯಲ್ಲಿ ನೀರಿನ ರುಚಿ ಊರೂರಿಗೆ ಬೇರೆ. ಡೋಣಿ ನದಿಯ ಉಪ್ಪುನೀರಿನ ಸುದ್ದಿ ಯಾರಿಗೂ ಹೊಸದಲ್ಲ. ನೀರಿನಲ್ಲಿ ಕರಗಿದ ಲವಣಾಂಶ ಅಳೆಯುವ ಇನ್ನೂರು ರೂಪಾಯಿಯ ಟಿಡಿಎಸ್ ಮೀಟರ್ ಹಿಡಿದು ಮನೆಯೆಲ್ಲ ಅಲೆದೆ. ಕೊಳವೆಬಾವಿಯದು ಲೀಟರಿಗೆ 1,340 ಮಿಲಿಗ್ರಾಂ. ನಲ್ಲಿಯದು 260. ಕುಡಿಯುವ ಶುದ್ಧೀಕರಣ ಯಂತ್ರದ್ದು 42. ಆಮೇಲೆ ಬ್ಯಾಟರಿ ಅಂಗಡಿಗಳ ಸರದಿ. ಕ್ಯಾನಿನ ಮೇಲೆ ಡಿಸ್ಟಿಲ್ಡ್ ಎಂದೇ ಬರೆದಿರುತ್ತದೆ. ಮೊದಲ ಅಂಗಡಿಯದು 48 ತೋರಿಸಿತು, ಎಂದರೆ ನಮ್ಮ ಅಡುಗೆಮನೆಯ ನೀರಿಗಿಂತ ಕೊಳಕು. ಎರಡನೆಯದು 3. ಅದನ್ನೇ ಐದು ಲೀಟರ್ ತಂದೆ. ಜೊತೆಗೆ ಪಾಚಿ ತಡೆಯುವ, ತುಕ್ಕು ತಡೆಯುವ ಸಾಂದ್ರ ದ್ರಾವಣ, ಬಾಟಲಿಯ ಮೇಲೆ ಬರೆದ ಪ್ರಮಾಣದಷ್ಟೇ. ಬಣ್ಣದ ನೀರು ಹಾಕಲಿಲ್ಲ. ನೋಡಲು ಚೆಂದ ನಿಜ. ಆದರೆ ಅದರಲ್ಲಿ ಬೆರೆಸಿದ ಮಿರಿಮಿರಿ ಮಿಂಚುವ ಪುಡಿ ಕಡೆಗೆ ಹೋಗಿ ಸೇರುವುದು ಬ್ಲಾಕಿನ ಎಸಳುಗಳ ಸಂದಿಗೆ. ನನಗೆ ಬಿಳಿ ಲೋಳೆಯ ನೆನಪು ಇನ್ನೂ ಹಸಿಯಾಗಿತ್ತು.

ಯಾವ ಭಾಗದ ನಂತರ ಯಾವ ಭಾಗ ಎಂಬ ಚರ್ಚೆಗೆ ಕೊನೆಯೇ ಇಲ್ಲ. ಪ್ರೊಸೆಸರಿನ ಬಿಸಿ ನೀರು ನೇರ ಕಾರ್ಡಿಗೆ ಹೋದರೆ ಕಾರ್ಡು ಸುಡುವುದಿಲ್ಲವೇ? ನಿಮಿಷಕ್ಕೆ ನಾಲ್ಕು ಲೀಟರ್ ಹರಿಯುತ್ತದೆ ಎಂದಿಟ್ಟುಕೊಳ್ಳಿ. ಒಂದು ಕಿಲೋ ನೀರು ಒಂದು ಡಿಗ್ರಿ ಏರಲು ಸುಮಾರು 4.18 ಕಿಲೋಜೂಲ್ ಬೇಕು. 400 ವ್ಯಾಟ್ ಸುರಿದರೂ ಸುತ್ತಿನ ಅತ್ಯಂತ ತಣ್ಣನೆಯ ಜಾಗಕ್ಕೂ ಅತ್ಯಂತ ಬಿಸಿಯ ಜಾಗಕ್ಕೂ ಇರುವ ವ್ಯತ್ಯಾಸ ಒಂದೂವರೆ ಡಿಗ್ರಿ ಮಾತ್ರ. ಹೀಗಾಗಿ ಕೊಳವೆ ಎಲ್ಲಿ ಮಡಿಕೆ ಬೀಳದೆ ಸಲೀಸಾಗಿ ಹೋಗುತ್ತದೋ ಅದೇ ಸರಿಯಾದ ಕ್ರಮ. ಒಂದೇ ಒಂದು ಕಡೆ ಕ್ರಮ ತಪ್ಪುವಂತಿಲ್ಲ: ತೊಟ್ಟಿ ಪಂಪಿನ ಮೇಲೆಯೇ ಇರಬೇಕು. ಡಿ5 ಪಂಪಿನ ಬೇರಿಂಗಿಗೆ ನೀರೇ ಎಣ್ಣೆ. ಒಣಗಿ ಓಡಿದರೆ ನಿಮಿಷಗಳಲ್ಲಿ ಹಾಳಾಗುತ್ತದೆ.

ಸೋರಿಕೆಯ ಪರೀಕ್ಷೆಯನ್ನು ನೀರಿನಿಂದಲ್ಲ, ಗಾಳಿಯಿಂದ ಮಾಡಿದೆ. ಗೇಜ್ ಇರುವ ಚಿಕ್ಕ ಕೈಪಂಪಿನಿಂದ ಸುತ್ತಿಗೆ 0.5 ಬಾರ್ ಒತ್ತಡ ತುಂಬಿ ಕಾದೆ. ಇಪ್ಪತ್ತು ನಿಮಿಷದಲ್ಲಿ 0.3ಕ್ಕೆ ಇಳಿಯಿತು. ಸೋಪಿನ ನೊರೆಯನ್ನು ಬ್ರಶ್‌ನಿಂದ ಒಂದೊಂದೇ ಫಿಟ್ಟಿಂಗಿಗೆ ಹಚ್ಚಿದಾಗ ಕಾರ್ಡಿನ ಬಲಬದಿಯಲ್ಲಿ ಗುಳ್ಳೆ ಎದ್ದಿತು. ಬಿಗಿಯುವ ಅವಸರದಲ್ಲಿ ಓ ರಿಂಗ್, ಎಂದರೆ ಸೋರಿಕೆ ತಡೆಯುವ ರಬ್ಬರಿನ ಬಳೆ, ಸೀಳಿತ್ತು. ಹೊಸದನ್ನು ಹಾಕಿ, ಕೈಯಲ್ಲಿಯೇ ಬಿಗಿದು, ಮಧ್ಯಾಹ್ನ ಒತ್ತಡ ತುಂಬಿ ಬಿಟ್ಟು, ಸಂಜೆ ಬಂದು ನೋಡಿದರೆ 0.46. ಮತ್ತೆ ಎಲ್ಲಿಯದು ತೂತು? ಒಂದು ತಾಸು ನೊರೆ ಹಚ್ಚಿದ ಮೇಲೆ ಹೊಳೆಯಿತು: ಮಧ್ಯಾಹ್ನ ಕೋಣೆ 38 ಇತ್ತು, ಸಂಜೆ 30. ಮುಚ್ಚಿದ ಗಾಳಿ ಎಂಟು ಡಿಗ್ರಿ ತಣಿದರೆ, ಹೊರಗಿನ ವಾತಾವರಣದ ಒತ್ತಡವನ್ನೂ ಸೇರಿಸಿ ಲೆಕ್ಕ ಹಾಕಿದಾಗ, ಸರಿಯಾಗಿ 0.04 ಬಾರ್ ಕಡಿಮೆಯಾಗುತ್ತದೆ. ಸೋರಿಕೆಯೇ ಇರಲಿಲ್ಲ. ನಮ್ಮೂರಿನಲ್ಲಿ ಈ ಪರೀಕ್ಷೆಯನ್ನು ಬೆಳಗಿನ ಆರು ಗಂಟೆಗೆ ಮಾಡುವುದು ಒಳ್ಳೆಯದು.

ನೀರು ತುಂಬುವಾಗ ಮದರ್‌ಬೋರ್ಡಿಗೆ ವಿದ್ಯುತ್ ಕೊಡಬಾರದು. ಪವರ್ ಸಪ್ಲೈಯ 24 ಪಿನ್ನಿನ ದೊಡ್ಡ ಕನೆಕ್ಟರನ್ನು ಹೊರತೆಗೆದು, ಹಸಿರು ತಂತಿಯ ಪಿನ್ನಿಗೂ ಪಕ್ಕದ ಕಪ್ಪು ತಂತಿಯ ಪಿನ್ನಿಗೂ ಒಂದು ಪೇಪರ್ ಕ್ಲಿಪ್ ಸೇರಿಸಿದರೆ ಸಪ್ಲೈ ಒಂದೇ ಓಡುತ್ತದೆ. ಅದಕ್ಕೆ ಪಂಪನ್ನು ಮಾತ್ರ ಜೋಡಿಸಿದ್ದೆ. ತೊಟ್ಟಿ ತುಂಬುವುದು, ಐದು ಸೆಕೆಂಡ್ ಪಂಪು ಓಡಿಸುವುದು, ತೊಟ್ಟಿ ಖಾಲಿಯಾಗುವ ಮುನ್ನ ನಿಲ್ಲಿಸುವುದು, ಮತ್ತೆ ತುಂಬುವುದು. ಒಟ್ಟು 1.1 ಲೀಟರ್ ಹಿಡಿಯಿತು. ಪ್ರತಿ ಫಿಟ್ಟಿಂಗಿನ ಕೆಳಗೆ ಟಿಶ್ಯೂ ಕಾಗದ.

ಅಲ್ಲಿಂದ ಮೂರು ದಿನ ಗಾಳಿಯ ಗುಳ್ಳೆಗಳ ಕಾಟ. ರೇಡಿಯೇಟರಿನೊಳಗೆ ಹುಕ್ಕಾ ಸೇದಿದ ಹಾಗೆ ಗುಡುಗುಡು ಸದ್ದು. ಬೇಗಂ ತಾಲಾಬಿನಿಂದ ಊರೊಳಗೆ ನೀರು ತಂದವರಿಗೂ ಇದೇ ಕಾಟವಿತ್ತು. ಮುಹಮ್ಮದ್ ಆದಿಲ್ ಶಾ 1651ರಲ್ಲಿ ಕಟ್ಟಿಸಿದ ಆ ಕೆರೆಯಿಂದ ಮಣ್ಣಿನ ಕೊಳವೆಗಳನ್ನು ಗಾರೆಯಲ್ಲಿ ಹುಗಿದು ನೀರು ಹಾಯಿಸಿದ್ದರು. ದಾರಿಯ ನಡುನಡುವೆ ಗಂಜ್ ಎಂದು ಕರೆಯುವ ನೀರಿನ ಗೋಪುರಗಳನ್ನು ಕಟ್ಟಿದರು. ಕೊಳವೆಯ ಒತ್ತಡ ಅಲ್ಲಿ ಮುರಿಯುತ್ತಿತ್ತು, ಹೂಳು ತಳಕ್ಕೆ ಇಳಿಯುತ್ತಿತ್ತು, ಸಿಕ್ಕಿಕೊಂಡ ಗಾಳಿ ಬಿಡುಗಡೆಯಾಗುತ್ತಿತ್ತು. ಚಿಕ್ಕವನಿದ್ದಾಗ ಅಂಥದ್ದೊಂದು ಗೋಪುರದ ನೆರಳಿನಲ್ಲಿ ಗೋಲಿ ಆಡಿದ್ದೇನೆ, ಅದು ಏನೆಂದು ಯಾರನ್ನೂ ಕೇಳಿರಲಿಲ್ಲ. ನನ್ನ ಸುತ್ತಿನಲ್ಲಿ ಆ ಕೆಲಸ ತೊಟ್ಟಿಯದು: ನೀರು ಅಲ್ಲಿ ಅಗಲವಾಗಿ ಹರಡಿ ನಿಧಾನವಾಗುತ್ತದೆ, ಗುಳ್ಳೆ ಮೇಲೇಳಲು ಪುರುಸೊತ್ತು ಸಿಗುತ್ತದೆ. ಅದರ ಮುಚ್ಚಳ ಸಡಿಲಿಸಿ, ಇಡೀ ಕೇಸನ್ನು ತೊಟ್ಟಿಲಿನಂತೆ ಆ ಕಡೆ ಈ ಕಡೆ ವಾಲಿಸಿ, ಪಂಪಿನ ವೇಗ ಏರಿಸಿ ಇಳಿಸಿ, ಕಡೆಗೆ ಮೂರನೆಯ ರಾತ್ರಿ ಸದ್ದು ನಿಂತಿತು.

ಈಗ ಓವರ್‌ಕ್ಲಾಕ್. ಇಲ್ಲಿ ಒಂದು ನಿರಾಸೆ, ಒಂದು ಹಿಗ್ಗು.

ನಿರಾಸೆ ಪ್ರೊಸೆಸರಿನದು. ವಿದ್ಯುತ್ ಮಿತಿಯನ್ನು ಮೂಲದ 142 ವ್ಯಾಟ್‌ನಿಂದ 165ಕ್ಕೆ ಏರಿಸಿದೆ. ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಘಟಕಗಳಾದ ಕೋರುಗಳೆಲ್ಲ ದುಡಿಯುವಾಗಿನ ವೇಗ 4.45 ಗಿಗಾಹರ್ಟ್ಸ್‌ನಿಂದ 4.65ಕ್ಕೆ ಹೋಯಿತು, ಅಷ್ಟೇ. ತಾಪ ನೀರಿಗಿಂತ 36 ಡಿಗ್ರಿ ಮೇಲೆ. ಎಷ್ಟು ನೀರು ಹರಿಸಿದರೂ, ಯಾವ ಪೇಸ್ಟ್ ಹಚ್ಚಿದರೂ ಆ 36 ಕದಲಲಿಲ್ಲ. ಕಾರಣ ಚಿಪ್ಪಿನೊಳಗಿದೆ. ಎಂಟು ಕೋರುಗಳಿರುವ ಸಿಲಿಕಾನ್ ತುಣುಕು ಸುಮಾರು 80 ಚದರ ಮಿಲಿಮೀಟರ್, ಕಿರುಬೆರಳಿನ ಉಗುರಿನಷ್ಟು. ಹೆಚ್ಚಿನ ವಿದ್ಯುತ್ತೆಲ್ಲ ಬಿಸಿಯಾಗಿ ಅಷ್ಟು ಜಾಗದಿಂದಲೇ ಹೊರಗೆ ಬರಬೇಕು; ಅದೂ ಪ್ರೊಸೆಸರಿನ ಲೋಹದ ಮುಚ್ಚಳದ ನಡುಮಧ್ಯದಲ್ಲಿಲ್ಲ, ಒಂದು ಬದಿಗೆ ಸರಿದು ಕುಳಿತಿದೆ. ಬಾಗಿಲು ಕಿರಿದಾಗಿದ್ದರೆ ಹೊರಗೆ ಎಷ್ಟು ಬಂಡಿ ನಿಲ್ಲಿಸಿ ಏನು ಉಪಯೋಗ?

ಹಿಗ್ಗು ಕಾರ್ಡಿನದು. ಅದರ ಚಿಪ್ಪು 392 ಚದರ ಮಿಲಿಮೀಟರ್, ಮೇಲೆ ಲೋಹದ ಮುಚ್ಚಳವೂ ಇಲ್ಲ. ಪೇಸ್ಟ್, ಅದರ ಮೇಲೆ ನೇರ ತಾಮ್ರ. 240 ವ್ಯಾಟ್ ಕುಡಿಯುವಾಗಲೂ ನೀರಿಗಿಂತ 13 ಡಿಗ್ರಿ ಮಾತ್ರ ಮೇಲೆ. ಈ ಕಾರ್ಡುಗಳು ಬಿಸಿಯೇರಿದಂತೆ ಹದಿನೈದು ಮೆಗಾಹರ್ಟ್ಸ್‌ನ ಮೆಟ್ಟಿಲುಗಳಲ್ಲಿ ತಾವಾಗಿಯೇ ಕೆಳಗಿಳಿಯುತ್ತವೆ, ತಣ್ಣಗಿಟ್ಟರೆ ಇಳಿಯುವುದಿಲ್ಲ. ಅದರ ಮೇಲೆ ನಾನು 120 ಮೆಗಾಹರ್ಟ್ಸ್ ಕೂಡಿಸಿದೆ. ಮೂರು ತಾಸು ಪೂರ್ತಿ 1,995ರಲ್ಲಿ ಅಲುಗಾಡದೆ ನಿಂತಿತು. ತಣ್ಣಗಿರುವ ಸಿಲಿಕಾನಿನಲ್ಲಿ ಸೋರಿಹೋಗುವ ವಿದ್ಯುತ್ತೂ ಕಡಿಮೆ, ಹೀಗಾಗಿ ಅದೇ ವೇಗಕ್ಕೆ ಬೇಕಾಗುವ ವ್ಯಾಟ್ ಕೂಡ ತುಸು ಇಳಿಯುತ್ತದೆ. ಬಬಲೇಶ್ವರದ ಅದೇ ಮದುವೆಯನ್ನು ಮತ್ತೆ ರೆಂಡರ್ ಮಾಡಿ ನೋಡಿದೆ: ಮೊದಲು 3 ತಾಸು 50 ನಿಮಿಷ, ಈಗ 3 ತಾಸು 15.

ಪ್ರೊಸೆಸರಿನಲ್ಲಿ ವೇಗಕ್ಕಿಂತ ವೋಲ್ಟೇಜ್ ಇಳಿಸುವುದರಿಂದಲೇ ಹೆಚ್ಚು ಲಾಭವಾಯಿತು. ವಿದ್ಯುತ್ ಖರ್ಚು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ಹಾಗೆಯೇ ಇಳಿಯುತ್ತದೆ. ಒಂದೊಂದು ಕೋರಿನ ವೋಲ್ಟೇಜನ್ನೂ ಮೆಟ್ಟಿಲು ಮೆಟ್ಟಿಲಾಗಿ ತಗ್ಗಿಸಬಲ್ಲ ಕರ್ವ್ ಆಪ್ಟಿಮೈಝರಿನಲ್ಲಿ ಎಲ್ಲ ಕೋರುಗಳಿಗೂ ಮೈನಸ್ 25 ಕೊಟ್ಟೆ. ರೆಂಡರ್ ನಿರಾತಂಕವಾಗಿ ನಡೆಯಿತು. ಊಟಕ್ಕೆ ಹೋಗಿ ಬಂದಾಗ ಯಂತ್ರ ಸುಮ್ಮನೆ ಕುಳಿತಲ್ಲೇ ರೀಸ್ಟಾರ್ಟ್ ಆಗಿತ್ತು. ಭಾರ ಹೊತ್ತಾಗ ಬೀಳದ್ದು ಬಿಡುವಿನಲ್ಲಿ ಬಿತ್ತು, ಏಕೆಂದರೆ ಬಿಡುವಿನಲ್ಲಿಯೇ ಒಂದೆರಡು ಕೋರುಗಳು ಅತಿ ಎತ್ತರದ ವೇಗಕ್ಕೆ ಜಿಗಿಯುತ್ತವೆ. ಚುರುಕಾದ ಎರಡು ಕೋರುಗಳಿಗೆ ಮೈನಸ್ 5, ಉಳಿದವಕ್ಕೆ ಮೈನಸ್ 15 ಎಂದು ಇಟ್ಟ ಮೇಲೆ ಇಂದಿನವರೆಗೆ ಬಿದ್ದಿಲ್ಲ.

ಮೇ ಮೂರನೆಯ ವಾರ ಬಂತು. ಇಷ್ಟೆಲ್ಲ ಮಾಡಿದ ಮೇಲೂ ಒಂದು ಮಧ್ಯಾಹ್ನ ನೀರು 51 ಡಿಗ್ರಿಗೆ ಏರಿತು. ಪ್ರೊಸೆಸರ್ 87. ಪಂಪಿಗೆ 60 ಡಿಗ್ರಿಯ ಮಿತಿ. ಮೆತ್ತನೆಯ ಕೊಳವೆ ಆಗಲೇ ಬೆರಳಿಗೆ ಇನ್ನಷ್ಟು ಮೆತ್ತಗೆ ತಾಗುತ್ತಿತ್ತು. ರೇಡಿಯೇಟರಿನ ತಪ್ಪೇನೂ ಇರಲಿಲ್ಲ. ಅದು ಎಂದಿನಂತೆ ನೀರನ್ನು ಕೋಣೆಯ ಗಾಳಿಗಿಂತ ಹತ್ತು ಡಿಗ್ರಿ ಮೇಲೆ ಹಿಡಿದಿತ್ತು. ಆದರೆ ಕೋಣೆಯೇ 41 ಆಗಿತ್ತು. ಆಗ ಮಂಜುಗಡ್ಡೆಯ ದಿನ ಬರೆದಿಟ್ಟ ವಾಕ್ಯ ನೆನಪಾಯಿತು. ನಾನು ಬಿಸಿಯನ್ನು ಚಿಪ್ಪಿನಿಂದ ತೆಗೆದು ನೀರಿಗೆ, ನೀರಿನಿಂದ ಗಾಳಿಗೆ ಸಾಗಿಸಿದ್ದೆ. ಗಾಳಿಯಿಂದ ಮುಂದಕ್ಕೆ ಎಲ್ಲಿಗೆ ಎಂದು ಯೋಚಿಸಿರಲೇ ಇಲ್ಲ. ಮುಚ್ಚಿದ ಕೋಣೆಯಲ್ಲಿ 400 ವ್ಯಾಟಿನ ಒಲೆ ಹಚ್ಚಿಕೊಂಡು ಕುಳಿತಿದ್ದೆ.

ಮೊದಲು ಕಣ್ಣು ಹೋದದ್ದು ಅಂಗಳದ ನೆಲತೊಟ್ಟಿಯ ಮೇಲೆ. ನಾಲ್ಕು ಸಾವಿರ ಲೀಟರ್, ಮೇ ತಿಂಗಳಿನಲ್ಲಿಯೂ 28 ಡಿಗ್ರಿ. ಆರು ತಾಸು ಪೂರ್ತಿ ಭಾರದಲ್ಲಿ ಓಡಿಸಿದರೂ ಆ ನೀರು ಏರುವುದು ಸುಮಾರು ಅರ್ಧ ಡಿಗ್ರಿ ಮಾತ್ರ. ಫ್ರಿಜ್ ಮೆಕ್ಯಾನಿಕ್ಕರಿಂದ ಆರು ಮೀಟರ್ ತಾಮ್ರದ ಕೊಳವೆ ತಂದು ಸುರುಳಿ ಮಾಡಿ ತೊಟ್ಟಿಯಲ್ಲಿ ಇಳಿಬಿಟ್ಟರೆ ಫ್ಯಾನೇ ಬೇಡ. ಚಿತ್ರ ಬರೆದು ತಾಯಿಗೆ ತೋರಿಸಿದೆ. "ಆ ಕೊಳವೆ ಒಡೆದರೆ ನಿನ್ನ ಔಷಧದ ನೀರು ಎಲ್ಲಿಗೆ ಬರುತ್ತದೆ?" ಎಂದರು. ಅಡುಗೆಮನೆಗೆ. ಚಿತ್ರ ಮಡಚಿಟ್ಟೆ.

ಉಳಿದದ್ದು ಏರ್ ಕೂಲರ್. ನಮ್ಮ ಬೇಸಿಗೆಯ ಗಾಳಿ ಒಣಗಾಳಿ, ಹೀಗಾಗಿ ಒದ್ದೆ ಪ್ಯಾಡಿನ ಮೂಲಕ ಬಂದ 40 ಡಿಗ್ರಿಯ ಗಾಳಿ 30ಕ್ಕೆ ಇಳಿದಿರುತ್ತದೆ. ಕೂಲರನ್ನು ನೇರ ಕೇಸಿನ ಮುಂದೆ ನಿಲ್ಲಿಸಿದೆ. ತಾಪ ಇಳಿಯಿತು, ನಿಜ. ಎರಡು ವಾರಕ್ಕೆ ಫ್ಯಾನಿನ ರೆಕ್ಕೆಗಳ ಅಂಚಿನಲ್ಲಿ ಸುಣ್ಣ ಬಳಿದ ಹಾಗೆ ಬಿಳಿ ಗೆರೆ. ಕೂಲರಿಗೆ ಹಾಕುತ್ತಿದ್ದದ್ದು 1,340ರ ಕೊಳವೆಬಾವಿ ನೀರು. ಗಾಳಿಯ ಜೊತೆ ತುಂತುರು ಹಾರಿ ಬಂದು ಒಣಗಿ ಉಪ್ಪಾಗುತ್ತಿತ್ತು. ಅದು ಮದರ್‌ಬೋರ್ಡಿನ ಮೇಲೆ ಕುಳಿತಿದ್ದರೆ ಈ ಬರಹದ ದಾರಿಯೇ ಬೇರೆಯಾಗುತ್ತಿತ್ತು.

ಕೂಲರ್ ಬಳಸುವ ಎಲ್ಲರಿಗೂ ಗೊತ್ತಿರುವ ಮಾತೊಂದಿದೆ: ಒಂದು ಕಿಟಕಿಯಲ್ಲಿ ಕೂಲರ್ ಇದ್ದರೆ ಎದುರಿನ ಕಿಟಕಿ ತೆರೆದಿರಬೇಕು, ಇಲ್ಲದಿದ್ದರೆ ಕೋಣೆ ಬೆವರುತ್ತದೆ. ಆ ಎದುರಿನ ಕಿಟಕಿಗೇ ರೇಡಿಯೇಟರುಗಳನ್ನು ಒಯ್ದೆ. ಕಿಟಕಿಯ ಅಳತೆಗೆ ಪ್ಲೈವುಡ್ ಕತ್ತರಿಸಿ, ಎರಡು ರೇಡಿಯೇಟರಿಗೂ ಕಂಡಿ ಬಿಡಿಸಿ, ಫ್ಯಾನುಗಳ ಮುಖ ಹೊರಗೆ ತಿರುಗಿಸಿದೆ. ಒಳಬದಿಗೆ ಸೊಳ್ಳೆಪರದೆಯ ಬಟ್ಟೆ, ಎರೆಮಣ್ಣಿನ ಧೂಳಿಗೆ. ಹೊರಗೆ ಮಳೆಗೆ ಸಜ್ಜಾ ಇದ್ದೇ ಇದೆ. ಕೇಸಿನಿಂದ ಕಿಟಕಿಗೆ ಹೋಗಲು ಮೂರು ಮೀಟರ್ ಕೊಳವೆ, ಬರಲು ಮೂರು. ಇಷ್ಟು ಎತ್ತರಕ್ಕೆ ಪಂಪು ಎತ್ತಬಲ್ಲದೇ ಎಂಬ ಚಿಂತೆ ಬೇಡ. ಮುಚ್ಚಿದ ಸುತ್ತಿನಲ್ಲಿ ಏರುವ ನೀರಿನ ತೂಕವನ್ನು ಇಳಿಯುವ ನೀರು ಸರಿದೂಗಿಸುತ್ತದೆ, ಪಂಪಿಗೆ ಉಳಿಯುವುದು ಕೊಳವೆಯ ಘರ್ಷಣೆ ಮಾತ್ರ. ಈಗ ಕೂಲರಿನ ಗಾಳಿ ಮೊದಲು ನನ್ನ ಬೆನ್ನಿಗೆ ತಾಗುತ್ತದೆ, ನಂತರ ರೇಡಿಯೇಟರಿಗೆ, ನಂತರ ಬಿಸಿಯನ್ನು ಹೊತ್ತುಕೊಂಡು ನೇರ ಬೀದಿಗೆ.

ಕೋಣೆ 31. ನೀರು 41. ಪ್ರೊಸೆಸರ್ 77, ಕಾರ್ಡು 54. ಹೊರಗೆ ಆ ದಿನ 42.

ಒಂದು ತಪ್ಪು ಉಳಿದಿತ್ತು, ಅದನ್ನೂ ಮಾಡಿದೆ. ರೇಡಿಯೇಟರ್ ಈಗ ತೊಟ್ಟಿಗಿಂತ ಮೇಲೆ ಇದೆ, ಅದರ ತಲೆಯಲ್ಲಿ ಒಂದಿಷ್ಟು ಗಾಳಿ ಸಿಕ್ಕಿಕೊಂಡಿತ್ತು. ರೆಂಡರ್ ಮುಗಿದ ಕೂಡಲೇ, ನೀರು ಇನ್ನೂ ಬಿಸಿಯಿರುವಾಗಲೇ, ಮಟ್ಟ ನೋಡಲೆಂದು ತೊಟ್ಟಿಯ ಮುಚ್ಚಳ ತೆರೆದೆ. ಹಿಗ್ಗಿದ್ದ ಗಾಳಿ ಒತ್ತಿದ ನೀರು ಉಕ್ಕುವ ಹಾಲಿನಂತೆ ಮೇಲೆದ್ದು ಒಂದು ಲೋಟದಷ್ಟು ಕೇಸಿನೊಳಗೆ ಚೆಲ್ಲಿತು. ಪ್ಲಗ್ ಕಿತ್ತು, ಒರೆಸಿ, ಕೂಲರ್ ಆರಿಸಿ, ಬರೀ ಫ್ಯಾನಿನ ಗಾಳಿಗೆ ಒಂದು ಹಗಲು ಒಂದು ರಾತ್ರಿ ಬಿಟ್ಟೆ. ಡಿಸ್ಟಿಲ್ಡ್ ನೀರು ತಾನಾಗಿ ವಿದ್ಯುತ್ ಅಷ್ಟಾಗಿ ಹರಿಸುವುದಿಲ್ಲ, ಆದರೆ ಬೋರ್ಡಿನ ಮೇಲಿನ ಧೂಳನ್ನು ಕರಗಿಸಿಕೊಂಡ ಮೇಲೆ ಅದು ಡಿಸ್ಟಿಲ್ಡ್ ಅಲ್ಲ. ಬದುಕಿಕೊಂಡಿತು. ಈಗ ಮುಚ್ಚಳ ತೆರೆಯುವುದು ಬೆಳಿಗ್ಗೆ, ತಣ್ಣಗಿದ್ದಾಗ ಮಾತ್ರ.

ಜೂನಿನಲ್ಲಿ ಮುಂಗಾರು ಬಂದ ಮೇಲೆ ಕೂಲರಿನ ಆಟ ಮುಗಿಯಿತು. ಗಾಳಿಯಲ್ಲೇ ತೇವವಿದ್ದರೆ ಪ್ಯಾಡಿನ ನೀರು ಆವಿಯಾಗುವುದಿಲ್ಲ. ಆದರೆ ಹೊರಗಿನ ಬಿಸಿಲೂ 32ಕ್ಕೆ ಇಳಿದಿತ್ತಲ್ಲ. ಕೂಲರಿನ ಪಂಪು ನಿಲ್ಲಿಸಿ ಬರೀ ಫ್ಯಾನು ಓಡಿಸಿದೆ, ಅಂಕಿಗಳು ಹೆಚ್ಚುಕಡಿಮೆ ಹಾಗೆಯೇ ಉಳಿದವು. ತಾಯಿ ಆ ಕಿಟಕಿಯ ಹೊರಗೆ ಒಂದು ಹಗ್ಗ ಕಟ್ಟಿಸಿಕೊಂಡಿದ್ದಾರೆ. ಮಳೆ ಹಿಡಿದ ದಿನ, "ಇವತ್ತು ರೆಂಡರ್ ಇದೆಯೇನು?" ಎಂದು ಕೇಳಿ ಒದ್ದೆ ಟವೆಲುಗಳನ್ನು ಅಲ್ಲಿ ಹರವುತ್ತಾರೆ.

ಆಗಸ್ಟ್ ಕೊನೆಯಲ್ಲಿ ಎಲ್ಲ ಬಸಿದು ಬಿಚ್ಚಿ ನೋಡಿದೆ. ಎರಡೂ ಬ್ಲಾಕುಗಳ ಎಸಳು ಸ್ವಚ್ಛ, ಒಂದೆರಡು ಕಡೆ ತಾಮ್ರ ಕಂದಿದೆ, ಅಷ್ಟೇ. ಪಾರದರ್ಶಕ ಕೊಳವೆ ಮಾತ್ರ ಮಜ್ಜಿಗೆ ಬಣ್ಣಕ್ಕೆ ತಿರುಗಿತ್ತು. ಮೆತ್ತಗಿರಲೆಂದು ಪ್ಲಾಸ್ಟಿಕ್ಕಿಗೆ ಬೆರೆಸಿದ ರಾಸಾಯನಿಕ ಬಿಸಿ ನೀರಿಗೆ ಹೊರಬಂದಿದೆ. ಒಳಗೆ ಬೆರಳು ಹಾಯಿಸಿದರೆ ಜಿಡ್ಡು. ಈ ಸಲ ಕಪ್ಪು ಇಪಿಡಿಎಂ ರಬ್ಬರಿನ ಕೊಳವೆ ತರಿಸಿ ಹಾಕಿದ್ದೇನೆ. ಒಳಗೆ ನೀರು ಹರಿಯುವುದು ಇನ್ನು ಕಾಣುವುದಿಲ್ಲ. ಉದ್ದ ಹೆಚ್ಚಾದ್ದರಿಂದ ಈಗ ಸುತ್ತಿಗೆ 1.6 ಲೀಟರ್ ಹಿಡಿಯುತ್ತದೆ. ಹೊಸ ಕ್ಯಾನಿನ ಟಿಡಿಎಸ್ 2.